ಕಡಿದ ನರಕ್ಕೆ ರೇಷ್ಮೆಯ ಹಂದರ

ನಮ್ಮ ಸಾಕ್ಷರತಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದಳು. ಹಾನಗಲ್ ತಾಲೂಕಿನ ಒಂದು ಹಳ್ಳಿಯವಳು. ಅಕ್ಷರಗಳನ್ನು ಬೇಗ ಕಲಿತಳು. ಬಲಗೈಯಿಂದ ದುಂಡಗೆ ಬರೆಯುತ್ತಿದ್ದಳು. ಆದರೆ ಎಡಗೈಯಲ್ಲಿ ಹಿಡಿದ ಪಾಟಿ ಮಾತ್ರ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು.

ಒಂದು ದಿನ ಕೇಳಿದೆ. "ಯಾಕಕ್ಕ, ಪಾಟಿ ಸ್ವಲ್ಪ ಗಟ್ಟಿ ಹಿಡೀಬಾರದ?"

"ಹಿಡದೀನಿ ಅಂತನ ತಿಳಕೊಂಡಿರತೀನ್ರಿ ಅಕ್ಕೋರ. ಕೆಳಗ ಬಿದ್ದ ಮ್ಯಾಲ ಗೊತ್ತಾಗತೈತಿ, ಹಿಡದಿಲ್ಲ ಅಂತ."

ಅಂಗೈ ಮೇಲೆ ಮಾಡಿ ತೋರಿಸಿದಳು. ಮಣಿಕಟ್ಟಿನ ಮೇಲೆ ಬಿಳಿ ಗೆರೆಯಂಥ ಒಂದು ಹಳೆಯ ಕಲೆ ಇತ್ತು. ನಾಲ್ಕು ವರ್ಷಗಳ ಹಿಂದೆ ಭತ್ತ ಕೊಯ್ಯುವಾಗ ಆದದ್ದು. ಬಲಗೈಯಲ್ಲಿ ಕುಡುಗೋಲು, ಎಡಗೈಯಲ್ಲಿ ಭತ್ತದ ಹಿಡಿ. ಕುಡುಗೋಲು ಜಾರಿತು. ಅರಿಶಿನ ಒತ್ತಿ ಬಟ್ಟೆ ಕಟ್ಟಿದರು. ರಕ್ತ ನಿಂತಿತು. ಹತ್ತು ಹದಿನೈದು ದಿನಕ್ಕೆ ಗಾಯ ಮಾದಿತು. ಎಲ್ಲರೂ ವಾಸಿ ಆಯಿತು ಅಂದುಕೊಂಡರು.

ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿಯೇ ಉಳಿದವು. ರೊಟ್ಟಿ ಬೇಯಿಸುವಾಗ ಬೆರಳು ಹಂಚಿಗೆ ತಾಗಿದರೂ ಅವಳಿಗೆ ತಿಳಿಯುವುದಿಲ್ಲ.

"ಸುಟ್ಟ ವಾಸನಿ ಮೊದಲ ಬರತೈತ್ರಿ. ಉರಿ ಬರೂದ ಇಲ್ಲ" ಅಂದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. "ತೊಗಲು ಕೂಡಿತು. ಬೆರಳಿಗೆ ಯಾಕ ಜೀವ ಬರಲಿಲ್ರಿ?"

ಅವಳ ಪ್ರಶ್ನೆಗೆ ಉತ್ತರವಾಗಿ ಈ ಪಾಠ ಬರೆದಿದ್ದೇನೆ.

ಅವಳ ಮಣಿಕಟ್ಟಿನಲ್ಲಿ ತೊಗಲಿನ ಜೊತೆಗೆ ಒಂದು ನರವೂ ಕಡಿದಿತ್ತು. ನರ ಅಂದರೆ ಯಾವುದು? ಮುಂಗೈ ಮೇಲೆ ಹಸಿರಾಗಿ ಉಬ್ಬಿ ಕಾಣುತ್ತದಲ್ಲ, ಅದನ್ನೇ ನಾವು 'ನರ' ಅನ್ನುತ್ತೇವೆ. ಅದು ನರ ಅಲ್ಲ, ರಕ್ತನಾಳ. ಅದರಲ್ಲಿ ರಕ್ತ ಹರಿಯುತ್ತದೆ. ನಿಜವಾದ ನರ ಒಳಗೆ ಇರುತ್ತದೆ, ಹೊರಗೆ ಕಾಣುವುದಿಲ್ಲ. ಬೆಳ್ಳಗೆ, ನೂಲಿನ ಹುರಿಯ ಹಾಗೆ ಇರುತ್ತದೆ. ಅದರಲ್ಲಿ ರಕ್ತ ಹರಿಯುವುದಿಲ್ಲ, ಸುದ್ದಿ ಹರಿಯುತ್ತದೆ. 'ಹಂಚು ಸುಡುತ್ತಿದೆ' ಎಂಬ ಸುದ್ದಿ ಬೆರಳಿನಿಂದ ಮೆದುಳಿಗೆ ಹೋಗುತ್ತದೆ. 'ಕೈ ತೆಗೆ' ಎಂಬ ಅಪ್ಪಣೆ ಹಿಂದಕ್ಕೆ ಬರುತ್ತದೆ.

ನಿಮ್ಮ ಹೊಲದಲ್ಲಿ ಬೋರಿನ ಪಂಪಿಗೆ ಹೋಗುವ ವೈರು ನೋಡಿದ್ದೀರಲ್ಲ? ಮೇಲೆ ರಬ್ಬರಿನ ಹೊದಿಕೆ, ಒಳಗೆ ತಾಮ್ರದ ಸಣ್ಣ ಸಣ್ಣ ಎಳೆಗಳು. ನರವೂ ಹಾಗೆಯೇ ಇದೆ. ಮೇಲೆ ಹೊದಿಕೆ, ಒಳಗೆ ಸಾವಿರಾರು ಎಳೆಗಳು. ಆದರೆ ಒಂದು ವ್ಯತ್ಯಾಸ ಉಂಟು. ತಾಮ್ರದ ಎಳೆ ನಿರ್ಜೀವ. ನರದ ಎಳೆಗೆ ಜೀವ ಇದೆ.

ಇಟ್ಟಿಗೆ ಇಟ್ಟಿಗೆ ಸೇರಿ ಮನೆಯಾಗುತ್ತದೆ. ಜೀವಕೋಶ ಜೀವಕೋಶ ಸೇರಿ ನಮ್ಮ ಮೈ ಆಗಿದೆ. ಜೀವಕೋಶಗಳು ಬಹಳ ಸಣ್ಣವು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಕಾಣುತ್ತವೆ. ನರದ ಜೀವಕೋಶ ಮಾತ್ರ ವಿಚಿತ್ರ. ಅದರ ಬುಡ ಬೆನ್ನುಹುರಿಯ ಹತ್ತಿರ ಇರುತ್ತದೆ. ಅಲ್ಲಿಂದ ಒಂದು ಎಳೆ ಹೊರಟು ತೋಳಿಗುಂಟ ಇಳಿದು ಬೆರಳ ತುದಿಯವರೆಗೆ ಬರುತ್ತದೆ. ಹಿತ್ತಲ ಮೂಲೆಯಲ್ಲಿ ಬೇರು ಬಿಟ್ಟ ಕುಂಬಳದ ಬಳ್ಳಿ ಮಾಳಿಗೆಯ ತನಕ ಹಬ್ಬಿದ ಹಾಗೆ.

ಕುಂಬಳದ ಬಳ್ಳಿಯನ್ನು ನಡುವೆ ಕಡಿದರೆ ಏನಾಗುತ್ತದೆ? ಕಡಿದ ಜಾಗದಿಂದ ಆಚೆಗಿನ ಬಳ್ಳಿ ಒಣಗುತ್ತದೆ. ಬುಡದ ಕಡೆ ಉಳಿದ ಬಳ್ಳಿ ಮತ್ತೆ ಚಿಗುರುತ್ತದೆ. ನರದ ಕತೆಯೂ ಇದೇ. ಆಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವಿಜ್ಞಾನಿ 1850ರಲ್ಲಿ ಕಪ್ಪೆಯ ನಾಲಿಗೆಯ ನರ ಕಡಿದು ಇದನ್ನು ಕಂಡುಹಿಡಿದ. ಬುಡದಿಂದ ಬೇರ್ಪಟ್ಟ ಭಾಗ ಸಾಯುತ್ತದೆ. ಬುಡದ ಕಡೆಯ ತುಂಡು ಹೊಸ ಎಳೆ ಬಿಡುತ್ತದೆ.

ಅಂದರೆ ಕಡಿದ ನರ ಬೆಳೆಯುತ್ತದೆ! ಈ ಮಾತು ಕೇಳಿ ನಮ್ಮ ಕೇಂದ್ರದಲ್ಲಿ ಯಾರೂ ನಂಬಲಿಲ್ಲ.

ಬೆಳೆಯುತ್ತದೆ, ಆದರೆ ಬಹಳ ನಿಧಾನ. ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮಕ್ಕಳ ಸ್ಕೇಲಿನಲ್ಲಿ ಎರಡು ಸಣ್ಣ ಗೆರೆಗಳ ನಡುವಿನ ಜಾಗ ಅಷ್ಟೇ. ಬನ್ನಿ, ಲೆಕ್ಕ ಮಾಡೋಣ. ಮಣಿಕಟ್ಟಿನಿಂದ ನಡುಬೆರಳಿನ ತುದಿಗೆ 18 ಸೆಂಟಿಮೀಟರ್ ಅಂತ ಹಿಡಿಯಿರಿ. ಒಂದು ಸೆಂಟಿಮೀಟರಿಗೆ 10 ಮಿಲಿಮೀಟರ್. ಹಾಗಾದರೆ 180 ಮಿಲಿಮೀಟರ್. ದಿನಕ್ಕೆ ಒಂದರಂತೆ 180 ದಿನ. ಆರು ತಿಂಗಳು! ಕಂಕುಳದ ಹತ್ತಿರ ನರ ಕಡಿದರೆ ಕೈ ಮುಟ್ಟಲು 600 ದಿನವೂ ಬೇಕಾದೀತು. ಇಲ್ಲೇ ಒಂದು ಕಷ್ಟ ಇದೆ. ಅಪ್ಪಣೆ ಬರದ ಮಾಂಸಖಂಡ ಸುಮ್ಮನೆ ಕಾಯುತ್ತಾ ಕೂಡುವುದಿಲ್ಲ. ದಿನದಿಂದ ದಿನಕ್ಕೆ ಸೊರಗುತ್ತದೆ. ಒಂದು, ಒಂದೂವರೆ ವರ್ಷ ದಾಟಿದರೆ ಆಮೇಲೆ ನರ ಬಂದು ಮುಟ್ಟಿದರೂ ಅದು ಏಳುವುದು ಕಷ್ಟ.

ಈಗ ಆ ಅಕ್ಕನ ಪ್ರಶ್ನೆ ಇನ್ನೂ ಗಟ್ಟಿಯಾಯಿತು. "ಬೆಳೀತೈತಿ ಅಂತೀರಿ. ನಂದು ಯಾಕ ಬೆಳೀಲಿಲ್ಲ?"

ಬೆಳೆದಿದೆ, ದಾರಿ ತಪ್ಪಿದೆ. ನರ ಕಡಿದ ಕೂಡಲೇ ಎರಡು ತುದಿಗಳೂ ಹಿಂದಕ್ಕೆ ಸರಿಯುತ್ತವೆ. ನಡುವೆ ಸಂದು ಬೀಳುತ್ತದೆ. ಆ ಸಂದಿನಲ್ಲಿ ಗಾಯದ ಗಟ್ಟಿ ಮಾಂಸ ತುಂಬುತ್ತದೆ. ಹೊಸ ಎಳೆಗಳು ಅದರಲ್ಲಿ ಸಿಕ್ಕಿಕೊಂಡು ಅತ್ತ ಇತ್ತ ಹರಿದು ಗಂಟು ಕಟ್ಟುತ್ತವೆ. ಆ ಗಂಟಿನ ಮೇಲೆ ತಟ್ಟಿದರೆ ಕರೆಂಟು ಹೊಡೆದ ಹಾಗೆ ಆಗುತ್ತದೆ. ಇದನ್ನು ಹೇಳಿದಾಗ ಅಕ್ಕ ತಟ್ಟನೆ ಅಂದಳು, "ಹೌದ್ರಿ! ಬಳಿ ತಾಗಿದ್ರ ಝುಮ್ಮ ಅಂತೈತಿ."

ಗಾಯವಾದ ದಿನವೇ, ಅಥವಾ ಕೆಲವೇ ದಿನಗಳಲ್ಲಿ, ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ ಹತ್ತಿರ ಹೋಗಿದ್ದರೆ ಎರಡೂ ತುದಿ ಹುಡುಕಿ ಹೊಲಿಯುತ್ತಿದ್ದರು. ಕೂದಲಿಗಿಂತ ತೆಳ್ಳನೆಯ ದಾರದಿಂದ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹೊಲಿಯುತ್ತಾರೆ. ನರದ ಹೊದಿಕೆ ಕೂಡಿದರೆ ಎಳೆಗಳಿಗೆ ದಾರಿ ಸಿಗುತ್ತದೆ. ಹೊರಗಿನ ಗಾಯ ಸಣ್ಣದಿದ್ದರೂ ಒಳಗೆ ನರ ಕಡಿದಿರಬಹುದು. ನೋಡುವುದು ಸುಲಭ. ಕಣ್ಣು ಮುಚ್ಚಿಸಿ ಪ್ರತಿ ಬೆರಳ ತುದಿಯನ್ನೂ ಹತ್ತಿಯಿಂದ ಮುಟ್ಟಬೇಕು. ಯಾವ ಬೆರಳು ಗೊತ್ತಾಗಲಿಲ್ಲವೋ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಗೋವಿನಜೋಳ ಒಕ್ಕುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಒಡೆದ ಗಾಜು, ಹೋರಿ ಹಬ್ಬದಲ್ಲಿ ತಿವಿದ ಕೊಂಬು, ಯಾವುದರಿಂದ ಆದ ಗಾಯವಾದರೂ ಸರಿ. ಗಾಯವೇ ಇಲ್ಲದೆ ಮೈಮೇಲೆ ಮಚ್ಚೆ ಎದ್ದು ಅಲ್ಲಿ ಸ್ಪರ್ಶ ಹೋದರೆ ಅದು ಬೇರೆ ಮಾತು. ಕುಷ್ಠರೋಗವೂ ನರವನ್ನೇ ಹಿಡಿಯುತ್ತದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ಇದೆ.

ಇರಲಿ, ನಮ್ಮ ಮಾತಿಗೆ ಬರೋಣ. ಎಷ್ಟೋ ಸಲ ಹೊಲಿಯಲು ಆಗುವುದಿಲ್ಲ. ಯಂತ್ರಕ್ಕೆ ಸಿಕ್ಕ ಕೈಯಲ್ಲಿ ನರದ ಒಂದು ತುಂಡೇ ಹಾಳಾಗಿರುತ್ತದೆ. ಎರಡು ತುದಿಗಳ ನಡುವೆ ಎರಡು ಬೆರಳಷ್ಟು ಸಂದು. ಎಳೆದು ಹೊಲಿದರೆ ನರ ಬಿಗಿಯಾಗುತ್ತದೆ, ಅದು ಒಳ್ಳೆಯದಲ್ಲ. ಆಗ ಡಾಕ್ಟರು ಕಾಲಿನ ಹಿಂಭಾಗದಿಂದ ಒಂದು ನರ ತೆಗೆದು ಅಲ್ಲಿ ಜೋಡಿಸುತ್ತಾರೆ. ಇಂದಿಗೂ ದೊಡ್ಡ ಸಂದಿಗೆ ಇದೇ ನಂಬಿಕೆಯ ಚಿಕಿತ್ಸೆ. ಆದರೆ ಒಂದು ಗೋಡೆ ಕಟ್ಟಲು ಇನ್ನೊಂದು ಗೋಡೆಯ ಕಲ್ಲು ಕಿತ್ತ ಹಾಗೆ. ಪಾದದ ಹೊರಬದಿ ಮರಗಟ್ಟುತ್ತದೆ. ಕಾಲಿಗೂ ಒಂದು ಗಾಯ ಆಗುತ್ತದೆ.

ಬೇರೆ ದಾರಿ ಇಲ್ಲವೇ? ಸಂದಿನಲ್ಲಿ ಒಂದು ಕೊಳವೆ ಇಟ್ಟರೆ? ಒಂದು ಬಾಯಿಗೆ ಈ ತುದಿ, ಇನ್ನೊಂದು ಬಾಯಿಗೆ ಆ ತುದಿ. ಎಳೆಗಳು ಕೊಳವೆಯೊಳಗೆ ದಾರಿ ತಪ್ಪದೆ ಹೋಗಲಿ. ಈ ಯೋಚನೆ ಹಳೆಯದು. 1880ರ ಸುಮಾರಿಗೇ ಯುರೋಪಿನಲ್ಲಿ ಮೂಳೆಯ ಕೊಳವೆ ಇಟ್ಟು ನೋಡಿದರು. ಕೈಗೂಡಲಿಲ್ಲ. ಆಮೇಲೆ ಸಿಲಿಕೋನ್ ಕೊಳವೆ ಬಂತು. ಅದು ಮೈಯಲ್ಲಿ ಕರಗುವುದಿಲ್ಲ. ನರ ದಪ್ಪವಾದಾಗ ಒತ್ತುತ್ತದೆ. ಅದನ್ನು ತೆಗೆಯಲು ಮತ್ತೊಮ್ಮೆ ಕೊಯ್ಯಬೇಕು. ನಂತರ ತಾನಾಗಿ ಕರಗುವ ಕೊಳವೆಗಳು ಬಂದವು. ದನದ ಸ್ನಾಯುರಜ್ಜುವಿನಿಂದ ತೆಗೆದ ಕೊಲಾಜೆನ್ ಎಂಬ ವಸ್ತುವಿನ ಕೊಳವೆಗೆ ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿತು. ಸಣ್ಣ ಸಂದಿಗೆ ಇಂಥ ಕೊಳವೆ ನಡೆಯುತ್ತದೆ. ಮೂರು ಸೆಂಟಿಮೀಟರ್ ಮೀರಿದರೆ ಭರವಸೆ ಇಲ್ಲ.

ಯಾಕೆ? ಕೊಳವೆ ಇದೆ, ದಾರಿ ಇದೆ, ಎಳೆ ಯಾಕೆ ನಿಲ್ಲುತ್ತದೆ?

ಇದಕ್ಕೆ ಉತ್ತರ ಸವಣೂರಿನ ಎಲೆತೋಟದಲ್ಲಿ ಸಿಗುತ್ತದೆ. ಸವಣೂರಿನ ಎಲೆ ಎಂದರೆ ಊರೂರಿಗೆ ಹೆಸರು. ಎಲೆಬಳ್ಳಿಯನ್ನು ಬರೀ ನೆಲದಲ್ಲಿ ನೆಟ್ಟರೆ ಆಯಿತೇ? ಇಲ್ಲ. ಪಕ್ಕದಲ್ಲಿ ಚೊಗಚಿ, ನುಗ್ಗೆ, ಹಾಲವಾಣದಂಥ ಗಿಡ ಬೆಳೆಸುತ್ತಾರೆ. ಬಳ್ಳಿಯನ್ನು ನಾರಿನಿಂದ ಹಗೂರಕ್ಕೆ ಕಟ್ಟುತ್ತಾರೆ. ಬಳ್ಳಿ ಗೆಣ್ಣು ಗೆಣ್ಣಿಗೂ ಸಣ್ಣ ಬೇರು ಬಿಟ್ಟು ತೊಗಟೆ ಕಚ್ಚಿ ಮೇಲೆ ಹತ್ತುತ್ತದೆ. ಗಿಡದ ಬದಲು ನುಣ್ಣನೆಯ ಕಬ್ಬಿಣದ ಪೈಪು ನಿಲ್ಲಿಸಿದರೆ? ಬಳ್ಳಿಗೆ ಕಚ್ಚಲು ಏನೂ ಸಿಗುವುದಿಲ್ಲ, ಜಾರುತ್ತದೆ. ಹಿಡಿಯಲು ತೊಗಟೆ ಬೇಕು. ತಂಪು ಬೇಕು, ನೆರಳು ಬೇಕು, ಗೊಬ್ಬರ ಬೇಕು.

ನರದ ಎಳೆಯೂ ಎಲೆಬಳ್ಳಿಯ ಜಾತಿಯೇ ಅನ್ನಿ. ನುಣ್ಣನೆಯ ಬರಿದಾದ ಕೊಳವೆಯಲ್ಲಿ ಅದಕ್ಕೆ ಹಿಡಿತ ಸಿಗುವುದಿಲ್ಲ. ಎಳೆಗಿಂತ ಮೊದಲು ಅಲ್ಲಿಗೆ ಬೇರೊಂದು ಜಾತಿಯ ಜೀವಕೋಶಗಳು ಹೋಗಬೇಕು. ಅವುಗಳ ಹೆಸರು ಶ್ವಾನ್ ಜೀವಕೋಶ. ಥಿಯೊಡೋರ್ ಶ್ವಾನ್ ಎಂಬ ಜರ್ಮನ್ ವಿಜ್ಞಾನಿಯ ಹೆಸರು ಅದು. ಇವು ನರದ ತೋಟಗಾರರು. ಸತ್ತ ಎಳೆಯ ಕಸ ಬಳಿಯುತ್ತವೆ, ಸಾಲಾಗಿ ನಿಲ್ಲುತ್ತವೆ, ಹೊಸ ಎಳೆಗೆ ಗೊಬ್ಬರ ಕೊಡುತ್ತವೆ. ತೋಟಗಾರರು ಕೊಳವೆಯ ಗೋಡೆ ಹಿಡಿದು ಮುಂದೆ ಸಾಗಬೇಕು. ಗೋಡೆ ಹಿಡಿಯಲು ಬಾರದಿದ್ದರೆ ಅವರೂ ನಿಂತರು, ಎಳೆಯೂ ನಿಂತಿತು.

ಆದ್ದರಿಂದ ವಿಜ್ಞಾನಿಗಳು ಈಗ ಕೊಳವೆಯ ಗೋಡೆಯನ್ನೇ ಬದಲಾಯಿಸಲು ಹೊರಟಿದ್ದಾರೆ. ಜೀವಕೋಶ ಮೆಚ್ಚಿ ಹಿಡಿದುಕೊಳ್ಳುವ ಹಾಗೆ ಅದಕ್ಕೆ ತೊಗಟೆ ಮಾಡುತ್ತಿದ್ದಾರೆ. ಈ ಕೆಲಸಕ್ಕೆ ಅವರು ಆರಿಸಿಕೊಂಡ ವಸ್ತುಗಳಲ್ಲಿ ಒಂದು ನಮಗೆ ಬಹಳ ಗೊತ್ತಿರುವುದು. ರೇಷ್ಮೆ!

ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ನಮ್ಮ ಕರ್ನಾಟಕ. ರಾಮನಗರದ ಗೂಡಿನ ಮಾರುಕಟ್ಟೆ ಹೆಸರಾದದ್ದು. ನಮ್ಮ ಹಾವೇರಿ ಜಿಲ್ಲೆಯಲ್ಲೂ ಹಿಪ್ಪುನೇರಳೆ ಹಾಕಿ ಹುಳು ಸಾಕುವ ರೈತರಿದ್ದಾರೆ. ಒಂದು ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ ಇರುತ್ತದೆ. ಆ ಎಳೆಯಲ್ಲಿ ಎರಡು ವಸ್ತು. ಒಳಗಿನದು ಫೈಬ್ರೋಯಿನ್, ಅದೇ ನಿಜವಾದ ರೇಷ್ಮೆ. ಮೇಲಿನದು ಸೆರಿಸಿನ್ ಎಂಬ ಅಂಟು. ಗೂಡಿನ ತೂಕದಲ್ಲಿ ಕಾಲು ಭಾಗದಷ್ಟು ಅಂಟೇ ಇರುತ್ತದೆ. ಅಂಟು ಮೇಲೆ ಉಳಿದ ರೇಷ್ಮೆ ಮೈಯೊಳಗೆ ಹೋದರೆ ಬಾವು ಬರಬಹುದು. ಅದಕ್ಕೆ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅಂಟು ತೆಗೆಯುತ್ತಾರೆ. ಸೀರೆಯ ರೇಷ್ಮೆಗೂ ಹೀಗೆಯೇ ಮಾಡುತ್ತಾರಲ್ಲ, ಹೊಳಪು ಬರಲು.

ಆಮೇಲೆ ಆ ಶುದ್ಧ ರೇಷ್ಮೆಯನ್ನು ಒಂದು ಜಾತಿಯ ಉಪ್ಪಿನ ನೀರಿನಲ್ಲಿ ಕರಗಿಸುತ್ತಾರೆ. ಅದು ಗಂಜಿಯ ಹಾಗೆ ಆಗುತ್ತದೆ. ಉಪ್ಪು ತೆಗೆದು, ಆ ಗಂಜಿಯಿಂದ ತೆಳ್ಳನೆಯ ಹಾಳೆ ಮಾಡಬಹುದು, ಸ್ಪಂಜು ಮಾಡಬಹುದು, ಕೊಳವೆಯನ್ನೂ ಮಾಡಬಹುದು. ಗಾಯ ಹೊಲಿಯಲು ರೇಷ್ಮೆ ದಾರ ಹಿಂದಿನಿಂದಲೂ ಇದೆ. ರೇಷ್ಮೆಯ ವಸ್ತುವಿನಿಂದ ಗಾಯದ ಪಟ್ಟಿಗಳನ್ನು ಬೆಂಗಳೂರಿನಲ್ಲಿ ತಯಾರಿಸುತ್ತಿದ್ದಾರೆ. ಮೈಗೆ ರೇಷ್ಮೆ ಅಷ್ಟು ಪರಕೀಯವಲ್ಲ. ಗಟ್ಟಿ, ಆದರೆ ಬಾಗುತ್ತದೆ. ಕೆಲಸ ಮುಗಿದ ಮೇಲೆ ನಿಧಾನಕ್ಕೆ ಕರಗುತ್ತದೆ.

ಚೀನಾದ ನಾನ್‌ಟಾಂಗ್ ವಿಶ್ವವಿದ್ಯಾಲಯದವರು ರೇಷ್ಮೆಯ ಕೊಳವೆಯೊಳಗೆ ರೇಷ್ಮೆಯದೇ ಎಳೆಗಳನ್ನು ಉದ್ದಕ್ಕೆ ಇಟ್ಟರು. ಒಳಗೊಂದು ಹಂದರ ಹಾಕಿದ ಹಾಗೆ. ಇಲಿಯ ಕಾಲಿನ ನರದಲ್ಲಿ ಒಂದು ಸೆಂಟಿಮೀಟರ್ ಸಂದು ಮಾಡಿ ಅದನ್ನು ಜೋಡಿಸಿದರು. ನರ ಸಂದು ದಾಟಿ ಬೆಳೆಯಿತು. ಇದು 2007ರಲ್ಲಿ ಪ್ರಕಟವಾಯಿತು. ಕಾಲಿನ ನರವನ್ನೇ ತೆಗೆದು ಜೋಡಿಸಿದಾಗ ಬರುವ ಗುಣಕ್ಕೆ ಇದು ಹತ್ತಿರ ಬಂತು.

ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿತು. ಜೀವಕೋಶ ಯಾವುದನ್ನು ಹಿಡಿದುಕೊಳ್ಳುತ್ತದೆ? ಗೋಡೆಯ ತುಂಬ ಎಲ್ಲ ಕಡೆ ಅಲ್ಲ, ಕೆಲವು ಗುರುತಿನ ಜಾಗದಲ್ಲಿ ಮಾತ್ರ. 1984ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಪಿಯರ್ಶ್‌ಬಾಕರ್ ಮತ್ತು ರೂಸ್ಲಾಟಿ, ಆ ಗುರುತನ್ನು ಕಂಡುಹಿಡಿದರು. ಅದು ಮೂರೇ ಮಣಿಗಳ ಸರ. ಪ್ರೋಟೀನು ಅಂದರೆ ಮಣಿ ಪೋಣಿಸಿದ ಉದ್ದದ ಸರ. ಅದರಲ್ಲಿ ಆರ್ಜಿನೈನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಮಣಿಗಳು ಇದೇ ಸಾಲಿನಲ್ಲಿ ಬಂದರೆ ಜೀವಕೋಶಕ್ಕೆ ಅದು ಹಿಡಿಕೆ ಇದ್ದ ಹಾಗೆ. ಹೆಸರು ನೆನಪಿಡಬೇಕಾಗಿಲ್ಲ. ಮೂರು ಮಣಿ ಅಂದರೆ ಸಾಕು.

ಅಕ್ಷರ ಕಲಿತವರಿಗೆ ಇದು ಬೇಗ ತಿಳಿಯುತ್ತದೆ. 'ಸರಸ' ಬೇರೆ, 'ರಸಸ' ಬೇರೆ. ಅಕ್ಷರ ಅವೇ, ಸಾಲು ತಪ್ಪಿದರೆ ಅರ್ಥ ಇಲ್ಲ. ಜೀವಕೋಶವೂ ಹಾಗೆಯೇ ಓದುತ್ತದೆ.

ಹಿಪ್ಪುನೇರಳೆ ತಿನ್ನುವ ನಮ್ಮ ಹುಳುವಿನ ರೇಷ್ಮೆಯಲ್ಲಿ ಈ ಮೂರು ಮಣಿಗಳ ಸಾಲು ಇಲ್ಲ. ಅದಕ್ಕೆ ವಿಜ್ಞಾನಿಗಳು ಆ ಸಾಲನ್ನು ತಯಾರಿಸಿ ರೇಷ್ಮೆಗೆ ಕೂಡಿಸುತ್ತಾರೆ. ನುಣುಪು ಪೈಪಿಗೆ ತೊಗಟೆ ಅಂಟಿಸಿದ ಹಾಗೆ. ಆದರೆ ಕಾಡಿನಲ್ಲಿ ಬೆಳೆಯುವ ಟಸರ್ ಹುಳುವಿನ ರೇಷ್ಮೆಯಲ್ಲಿ ಈ ಸಾಲು ತಾನಾಗಿಯೇ ಇದೆ! ಟಸರ್ ರೇಷ್ಮೆ ಜಾರ್ಖಂಡ್, ಛತ್ತೀಸಗಡದ ಕಡೆ ಆದಿವಾಸಿಗಳು ಬೆಳೆಯುವುದು. ಪಶ್ಚಿಮ ಬಂಗಾಳದ ಖರಗಪುರದ ಐಐಟಿಯಲ್ಲಿ ಈ ಟಸರ್ ರೇಷ್ಮೆಯ ಮೇಲೆ ಜೀವಕೋಶ ಬೆಳೆಸುವ ಸಂಶೋಧನೆ ಬಹಳ ನಡೆದಿದೆ.

ಮೂರನೆಯದು ಗೊಬ್ಬರ. ಅದನ್ನು ಕಂಡುಹಿಡಿದವಳು ಒಬ್ಬ ಹೆಣ್ಣುಮಗಳು, ರೀಟಾ ಲೆವಿ ಮೊಂಟಾಲ್ಚಿನಿ. ಇಟಲಿಯವಳು. ಯಹೂದಿ ಜನರಿಗೆ ವಿಶ್ವವಿದ್ಯಾಲಯದಲ್ಲಿ ಕೆಲಸ ಇಲ್ಲ ಅಂತ 1938ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿತು. ರೀಟಾ ಮನೆಗೆ ಬಂದಳು. ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡಳು. ಹೊಲಿಗೆ ಸೂಜಿ ಮಸೆದು ಸಲಕರಣೆ ಮಾಡಿದಳು. ಕೋಳಿಮೊಟ್ಟೆ ತಂದು ಒಳಗಿನ ಮರಿಯಲ್ಲಿ ನರ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತಳು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ, ನರವನ್ನು ಬೆಳೆಸುವ ಒಂದು ವಸ್ತುವನ್ನು ಕಂಡುಹಿಡಿದಳು. 1986ರಲ್ಲಿ ಸ್ಟ್ಯಾನ್ಲಿ ಕೊಹೆನ್ ಜೊತೆ ಅವಳಿಗೆ ನೊಬೆಲ್ ಬಹುಮಾನ ಬಂತು. 103 ವರ್ಷ ಬದುಕಿ 2012ರಲ್ಲಿ ತೀರಿಕೊಂಡಳು. ಇಂಥ ಗೊಬ್ಬರವನ್ನು ರೇಷ್ಮೆಯೊಳಗೆ ಸೇರಿಸಿ, ದಿನವೂ ಸ್ವಲ್ಪ ಸ್ವಲ್ಪ ಹೊರಬರುವಂತೆ ಮಾಡುವ ಪ್ರಯೋಗಗಳು ನಡೆದಿವೆ. ಒಮ್ಮೆಗೇ ಸುರಿದರೆ ಗಿಡಕ್ಕೂ ಆಗದು, ನರಕ್ಕೂ ಆಗದು.

ಇಷ್ಟು ಹೇಳಿದ ಮೇಲೆ ಒಬ್ಬ ಅಜ್ಜ ಕೇಳಿದ. "ಲಕ್ವಾ ಹೊಡದವ್ರಿಗೂ ಈ ಕೊಳವಿ ಹಾಕಬಹುದೇನವ್ವ?"

ಇಲ್ಲ ಅಜ್ಜ. ಲಕ್ವ ಆಗುವುದು ಮೆದುಳಿನ ತೊಂದರೆಯಿಂದ. ಮೆದುಳು ಮತ್ತು ಬೆನ್ನುಹುರಿಯೊಳಗಿನ ಎಳೆಗಳು ಕೈಕಾಲಿನ ನರದಂತೆ ಮತ್ತೆ ಚಿಗುರುವುದಿಲ್ಲ. ಅದಕ್ಕೂ ಸಂಶೋಧನೆ ನಡೆದಿದೆ, ಆದರೆ ಕೈಗೆ ಸಿಗುವ ಮದ್ದು ಬಂದಿಲ್ಲ. 'ಬೆನ್ನುಹುರಿ ಗ್ಯಾರಂಟಿ ಸರಿ ಮಾಡುತ್ತೇವೆ' ಅಂತ ಯಾರಾದರೂ ಹೊಲ ಮಾರಿಸುವಷ್ಟು ಹಣ ಕೇಳಿದರೆ ನಂಬಬೇಡಿ.

ರೇಷ್ಮೆಯ ಕೊಳವೆಯೂ ನಮ್ಮ ಆಸ್ಪತ್ರೆಗಳಲ್ಲಿ ದಿನನಿತ್ಯದ ಚಿಕಿತ್ಸೆಯಾಗಿ ಇನ್ನೂ ಬಂದಿಲ್ಲ. ಇಲಿಯ ಒಂದು ಸೆಂಟಿಮೀಟರಿಗೂ ಮನುಷ್ಯನ ಒಂದು ಗೇಣಿಗೂ ಬಹಳ ಅಂತರ. ಮೈಯೊಳಗೆ ಇಡುವ ವಸ್ತುವನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಬೇಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ನಮ್ಮ ದೇಶದ್ದೇ ಹೃದಯದ ಕವಾಟ ತಯಾರಿಸಿ 1990ರಲ್ಲಿ ಮೊದಲ ರೋಗಿಗೆ ಹಾಕಿದರು. ಅದರ ಹಿಂದೆ ಹತ್ತು ವರ್ಷಕ್ಕೂ ಮೀರಿದ ಕೆಲಸ ಇತ್ತು. ನಡುವೆ ಕೆಲವು ಮಾದರಿ ಕೆಟ್ಟವು, ಮತ್ತೆ ಮಾಡಿದರು.

ನಮ್ಮ ಅಕ್ಕನಿಗೆ ನಾಲ್ಕು ವರ್ಷ ಆಗಿಹೋಗಿತ್ತು. ಹೆಬ್ಬೆರಳ ಬುಡದ ಮಾಂಸ ಸೊರಗಿತ್ತು. ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ಡಾಕ್ಟರು ಮುಚ್ಚುಮರೆ ಮಾಡದೆ ಹೇಳಿದರು. ಆ ಮಾಂಸ ಮೊದಲಿನ ಹಾಗೆ ಏಳುವುದಿಲ್ಲ. ಆದರೆ ಬೇರೆ ಬೆರಳಿನ ಸ್ನಾಯುರಜ್ಜು ಒಂದನ್ನು ತಿರುಗಿಸಿ ಹೆಬ್ಬೆರಳಿಗೆ ಕಟ್ಟಬಹುದು, ಹಿಡಿತ ಬರುತ್ತದೆ. ಸ್ಪರ್ಶ ಎಷ್ಟು ಬರುತ್ತದೆ ಅಂತ ಮಾತು ಕೊಡಲು ಆಗದು. ಅಲ್ಲಿಯವರೆಗೆ ಒಲೆಯ ಮುಂದೆ ಎಡಗೈ ಬಳಸಬೇಡ, ಇಕ್ಕಳ ಹಿಡಿ, ದಿನಾ ರಾತ್ರಿ ಬೆರಳು ನೋಡಿಕೋ ಅಂದರು.

"ಹಿಡಿತ ಬಂದ್ರ ಸಾಕ್ರಿ" ಅಂದಳು ಅಕ್ಕ.

ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಕಾಗದ ಕೊಟ್ಟರು. ಹೆಬ್ಬೆಟ್ಟಿನ ಮಸಿ ಮುಂದಿಟ್ಟರು. ಅವಳು ಅದನ್ನು ಪಕ್ಕಕ್ಕೆ ಸರಿಸಿ, ಕಾಗದ ಜಾರದಂತೆ ಎಡ ಮೊಣಕೈ ಊರಿ, ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆದಳು.